ಕಳ್ಳವೋಟು ದೊಡ್ಡದೋ, ದುಡ್ಡು ಹಂಚುವುದು ದೊಡ್ಡದೋ?

ಪ್ರಶ್ನೆ: ಮೂಡಿಗೆರೆ ಕಡೆಯವನು
ಪಕ್ಕದ ತೋಟದಲ್ಲಿ ಕೂಲಿಕಾರರಿರುವ ಲೈನ್ ಮನೆಯ ಅಜ್ಜಿಯೊಬ್ಬರು ಕಳೆದ ಚುನಾವಣೆಯಲ್ಲಿ ಮತಗಟ್ಟೆಗೆ ಹೋದಾಗ, ಅವರ ಹೆಸರಿನಲ್ಲಿ ಆಗಲೇ ಯಾರೋ ಮತ ಹಾಕಿ ಹೋಗಿದ್ದರು. ಅಜ್ಜಿ ಸುಮ್ಮನೆ ವಾಪಸ್ ಬಂದರು. ಈ ಮಾತೆತ್ತಿದರೆ ಊರಿನವರು ‘ದುಡ್ಡು ಹಂಚುವುದರ ಮುಂದೆ ಇದೇನು ಮಹಾ’ ಎನ್ನುತ್ತಾರೆ. ಹೀಗೆ ತೂಗಬಹುದೇ? ಅಜ್ಜಿ ಏನು ಮಾಡಬೇಕಿತ್ತು?

ಉತ್ತರ: ನಿವೃತ್ತ ಮೇಷ್ಟ್ರು, ಬೇಲೂರು
ಹಲವು ಚುನಾವಣೆಗಳಲ್ಲಿ ಮತಗಟ್ಟೆ ಅಧಿಕಾರಿಯಾಗಿದ್ದವನು ನಾನು. ಅಜ್ಜಿ ಅಲ್ಲೇ ನಿಂತು ‘ಟೆಂಡರ್ ವೋಟು ಕೊಡಿ’ ಎಂದು ಕೇಳಬೇಕಿತ್ತು. ಗುರುತು ಸರಿಯಿದ್ದರೆ ಕೊಡಲೇಬೇಕು. ಅದನ್ನು ಯಂತ್ರದಲ್ಲಿ ಒತ್ತುವುದಲ್ಲ. ಕಾಗದದ ಮತಪತ್ರ ಕೊಡುತ್ತಾರೆ, ಅದು ಬೇರೆ ಲಕೋಟೆ ಸೇರುತ್ತದೆ, ಟೆಂಡರ್ ವೋಟು ಹಾಕಿದವರ 17ಬಿ ಪಟ್ಟಿಯಲ್ಲಿ ಸಹಿಯೋ ಹೆಬ್ಬೆಟ್ಟೋ ಬೀಳುತ್ತದೆ. ಎಣಿಕೆಯ ದಿನ ಆ ಲಕೋಟೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಫಲಿತಾಂಶದ ಮೇಲೆ 45 ದಿನದೊಳಗೆ ಹೈಕೋರ್ಟಿಗೆ ತಕರಾರು ಹೋದರೆ, ಕಳ್ಳವೋಟು ಬಿದ್ದದ್ದಕ್ಕೆ ಕಾಗದದ ಸಾಕ್ಷಿ ಇರುತ್ತದೆ. 2023ರಲ್ಲಿ ಶೃಂಗೇರಿಯಲ್ಲಿ ಗೆಲುವಿನ ಅಂತರ 201 ಮತ. ಒಂದೊಂದು ಲಕೋಟೆಗೂ ಬೆಲೆಯಿದೆ.

ಮತಗಟ್ಟೆಗೆ ನುಗ್ಗಿ ವಶಪಡಿಸಿಕೊಳ್ಳುವುದು ಯಂತ್ರ ಬಂದ ಮೇಲೆ ಕಷ್ಟ. ನಿಮಿಷಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಮತ ಬೀಳದು, ಅಧಿಕಾರಿ ಕ್ಲೋಸ್ ಗುಂಡಿ ಒತ್ತಿದರೆ ಅಲ್ಲಿಗೆ ಮುಗಿಯಿತು.

ದುಡ್ಡಿನ ಮಾತೇ ಬೇರೆ. ಮತದಾನ ಗುಪ್ತವಾಗಿರುವಾಗ ನೋಟು ಕೊಟ್ಟವನಿಗೆ ಖಾತರಿ ಏನು? ಅದಕ್ಕೇ ದೇವರ ಫೋಟೊ ಮುಟ್ಟಿಸಿ ಆಣೆ ಹಾಕಿಸುತ್ತಾರೆ. ಆಣೆ ಹಾಕಿ ಬಂದ ಹೆಂಗಸು ಯಂತ್ರದ ಮುಂದೆ ಒಬ್ಬಳೇ ನಿಂತಿದ್ದರೂ ಅವಳ ಬೆರಳು ಅವಳದಲ್ಲ. ಬಡವರ ಭಕ್ತಿಯನ್ನೇ ಅಡವಿಟ್ಟುಕೊಳ್ಳುವ ಈ ಕೆಲಸಕ್ಕಿಂತ ನೀಚವಾದದ್ದನ್ನು ನಾನು ಕಂಡಿಲ್ಲ. ಕಾನೂನು ನೋಡಿ: ಮತಗಟ್ಟೆ ವಶಕ್ಕೆ ಕನಿಷ್ಠ 1 ವರ್ಷ, ಗರಿಷ್ಠ 3 ವರ್ಷ ಜೈಲು. ಮತಕ್ಕೆ ಲಂಚ ಕೊಟ್ಟರೆ ಗರಿಷ್ಠವೇ 1 ವರ್ಷ, ಬರೀ ದಂಡದಲ್ಲೂ ಮುಗಿಯಬಹುದು.

ಪ್ರತಿಕ್ರಿಯೆ: ಕಾಫಿ ಬೆಳೆಗಾರ್ತಿ, ಸಕಲೇಶಪುರ
ಮೇಷ್ಟ್ರೇ, ನನಗೆ ಇವೆಲ್ಲಕ್ಕಿಂತ ಭಯ ಹುಟ್ಟಿಸುವುದು ಮತದಾರರ ಪಟ್ಟಿಯಿಂದ ಹೆಸರು ತೆಗೆಸುವುದು. 2023ರ ಚುನಾವಣೆಗೆ ಮುನ್ನ ಕಲಬುರಗಿಯ ಆಳಂದದಲ್ಲಿ ಹೆಸರು ತೆಗೆಯಲು 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಿದ್ದವು 24. ಅಲ್ಲಿ ಸಿಕ್ಕಿಬಿತ್ತು. ನಮ್ಮ ಲೈನ್ ಮನೆಗಳವರು ಕೆಲಸ ಹುಡುಕಿ ತೋಟದಿಂದ ತೋಟಕ್ಕೆ ಹೋಗುವವರು. ‘ಇವರು ಈಗ ಇಲ್ಲಿಲ್ಲ’ ಎಂದು ಯಾರೋ ಹೆಸರು ತೆಗೆಯುವ ಅರ್ಜಿ, ನಮೂನೆ 7 ತುಂಬಿ ಕೊಟ್ಟರೆ, ನೋಟಿಸು ಯಾರ ಕೈ ಸೇರುತ್ತದೆ?

ಉತ್ತರ: ನಿವೃತ್ತ ಮೇಷ್ಟ್ರು, ಬೇಲೂರು
ಹೌದಮ್ಮ, ಹಾನಿಯ ಲೆಕ್ಕದಲ್ಲಿ ನಾನೂ ಅದನ್ನೇ ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಟೆಂಡರ್ ವೋಟೂ ಇಲ್ಲ, ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಸೇರಿಸಲೂ ಬರುವುದಿಲ್ಲ. ಕರಡು ಪಟ್ಟಿ ಪ್ರಕಟವಾದ ವಾರದಲ್ಲೇ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಹತ್ತಿರ ಕುಳಿತು ಲೈನ್ ಮನೆಗಳ ಹೆಸರನ್ನು ಒಂದೊಂದಾಗಿ ಓದಿಸಿ. ಬಿಟ್ಟುಹೋದವರಿಗೆ ಹೆಸರು ಸೇರಿಸುವ ನಮೂನೆ 6 ತುಂಬಿಸಿ, ಸ್ವೀಕೃತಿ ಚೀಟಿಯನ್ನು ಅವರ ಕೈಗೇ ಕೊಡಿ.