ಕಡಲತೀರದ ಫೋಟೊ ಎಲ್ಲಾ ಮಂಕು, ಮುಂದಿನ ಟ್ರಿಪ್ಪಿಗೆ ಲೆನ್ಸ್ ಬದಲಾಯಿಸಬೇಕಾ?

ಕೆಸರುಗಾಲು:
ತಲೆ ಕೆಟ್ಟುಹೋಗಿದೆ. ಹಕ್ಕಿ ಫೋಟೊಗೆ ಅಂತಲೇ ಎರಡು ದಿನ ಕಡಲತೀರಕ್ಕೆ ಹೋಗಿದ್ದೆ. ಒಳ್ಳೆ ಸೆಕೆ ಇರುವ ಜಾಗ. 1,400 ಫೋಟೊ ತೆಗೆದೆ, ಉಳಿಸಿಕೊಳ್ಳುವಂಥದ್ದು 11. ಉಲ್ಲಂಕಿಗಳ (ನೀರಂಚಿನಲ್ಲಿ ಮೇಯುವ ಸಣ್ಣ ಹಕ್ಕಿ) ಕಣ್ಣು ಚೂಪಾಗಿಲ್ಲ, ಗರಿ ಎಲ್ಲ ಕಲಸಿದ ಹಾಗಿದೆ. ಶಟರ್ 1/2500 ಸೆಕೆಂಡ್, ಕೈ ನಡುಗಿದ್ದಂತೂ ಅಲ್ಲ. ಮುಂದಿನ ತಿಂಗಳು ನಾಲ್ಕು ದಿನ ಮತ್ತೆ ಅಲ್ಲಿಗೇ ಹೋಗಬೇಕು. ಲೆನ್ಸ್ ಸರ್ವೀಸಿಗೆ ಕೊಡಲಾ, ಬೇರೆ ಬಾಡಿಗೆಗೆ ತರಲಾ?

ಉದ್ದಲೆನ್ಸ್:
ಬ್ಯಾಕ್ ಫೋಕಸ್, ಅಂದರೆ ಫೋಕಸ್ ಹಕ್ಕಿಯ ಹಿಂದೆ ಬೀಳುತ್ತಿದೆ. ನೂರಕ್ಕೆ ನೂರು. ಮೆನುವಿನಲ್ಲಿ ಆಟೋಫೋಕಸ್ ಫೈನ್ ಟ್ಯೂನ್ (ಫೋಕಸ್ಸನ್ನು ಹಿಂದೆಮುಂದೆ ಸರಿಸುವ ಆಯ್ಕೆ) ಹುಡುಕಿ, ಒಂದು ಸ್ಕೇಲ್ ಓರೆಯಾಗಿಟ್ಟು ಫೋಟೊ ತೆಗೆದು ನೋಡಿ. ಮೈನಸ್ 5ರಿಂದ ಶುರು ಮಾಡಿ.

ನೀರ್ಗೊರವ:
ಯಾವ ಕ್ಯಾಮೆರಾ, ಎಷ್ಟು ಹೊತ್ತಿಗೆ ತೆಗೆದಿದ್ದು, ಹಕ್ಕಿ ಎಷ್ಟು ದೂರ ಇತ್ತು? ಒಂದೂ ಹೇಳಿಲ್ವಲ್ಲ ಸಾರ್.

ಕೆಸರುಗಾಲು:
ಮಾಮೂಲಿ 150-600 ಮಿ.ಮೀ. ಜೂಮ್ ಲೆನ್ಸ್, ಕ್ರಾಪ್ (ಚಿಕ್ಕ) ಸೆನ್ಸರ್ ಇರುವ, ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್, 24 ಮೆಗಾಪಿಕ್ಸೆಲ್. ಕೆರೆ ಹತ್ತಿರ ಇದೇ ಸೆಟ್ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಕೇಲ್ ಇಟ್ಟೂ ನೋಡಿದೆ, ಸರಿಯಾಗೇ ಇದೆ.

ಉದ್ದಲೆನ್ಸ್:
ಸ್ಕೇಲ್ ಹತ್ತಿರ ಇಟ್ಟಿರುತ್ತೀರಿ. ದೂರಕ್ಕೆ ಬೇರೆಯೇ ಬರುತ್ತದೆ. ಮೈನಸ್ 8 ಮಾಡಿ.

ನೀರ್ಗೊರವ:
ಮಾರಾಯ್ರೆ, ಅದು ಮಿರರ್‌ಲೆಸ್. ಫೋಕಸ್ ಅಳೆಯುವುದು ಫೋಟೊ ತೆಗೆಯುವ ಸೆನ್ಸರ್ರೇ. ಕನ್ನಡಿ ಇರುವ ಡಿಎಸ್ಎಲ್ಆರ್‌ನಲ್ಲಿ ಫೋಕಸ್ಸಿಗೆ ಬೇರೆ ಸೆನ್ಸರ್ ಇತ್ತು, ಅದಕ್ಕೆ ಆ ಬ್ಯಾಕ್ ಫೋಕಸ್ ತಾಪತ್ರಯ.

ಗರಿಗಳ್ಳ:
ಮುಂದೆ ಯುವಿ ಫಿಲ್ಟರ್ ಹಾಕಿದ್ದೀರಾ? ಮೊದಲು ಅದನ್ನ ಬಿಚ್ಚಿ.

ಉದ್ದಲೆನ್ಸ್:
ಉಪ್ಪುಗಾಳಿಗೆ ಫಿಲ್ಟರ್ ಇಲ್ಲದೆ ಹೋಗುವುದಾ? ನನ್ನ 600 ಎಫ್ 4 ಪ್ರೈಮ್ (ಜೂಮ್ ಇಲ್ಲದ) ಲೆನ್ಸಿಗೆ ಮುಂದೆ ಫಿಲ್ಟರ್ ಹಾಕಲು ಬರಲ್ಲ, ಆದರೂ ಆರು ವರ್ಷದಿಂದ ಕಡಲಿಗೆ ಒಯ್ಯುತ್ತಿದ್ದೇನೆ. ಕಾರ್ಬನ್ ಟ್ರೈಪಾಡ್, ಗಿಂಬಲ್ ಹೆಡ್, ಹಕ್ಕಿಯನ್ನು 1.4 ಪಟ್ಟು ದೊಡ್ಡದಾಗಿ ತೋರಿಸುವ ಕನ್ವರ್ಟರ್. ಎರಡು ಕ್ಯಾಮೆರಾ ಬಾಡಿ.

ಗರಿಗಳ್ಳ:
ಅಂದರೆ ನೀವೂ ಫಿಲ್ಟರ್ ಇಲ್ಲದೇನೇ ಹೋಗುತ್ತಿದ್ದೀರಿ. ನಾನು ಹೇಳಿದ್ದೂ ಅದನ್ನೇ ಅಲ್ವಾ?

ನೀರ್ಗೊರವ:
ಫಿಲ್ಟರ್ ಜಗಳ ಆಮೇಲೆ. ಕೆಸರುಗಾಲು ಅವರೇ, ಹೊತ್ತು ಮತ್ತು ದೂರ ಇನ್ನೂ ಹೇಳಿಲ್ಲ.

ಕೆಸರುಗಾಲು:
ಸಾರಿ. ಫಿಲ್ಟರ್ ಇಲ್ಲ. ಹೆಚ್ಚಿನವು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ, ಬೆಳಕು ಚೆನ್ನಾಗಿರುತ್ತದೆ ಅಂತ. ನೀರು ಇಳಿದಿತ್ತು, ಹಕ್ಕಿಗಳೆಲ್ಲ ಮರಳು ದಾಟಿ ಆಚೆ ಅಂಚಿನಲ್ಲಿ. 80 ಮೀಟರ್ ಇರಬಹುದು. ಇನ್ನೊಂದು ವಿಚಿತ್ರ. ಒಂದು ಹಕ್ಕಿ ಅಲುಗಾಡದೆ ನಿಂತಿತ್ತು. ಒಂದೇ ಬರ್ಸ್ಟಿನಲ್ಲಿ (ಬಟನ್ ಒತ್ತಿ ಹಿಡಿದು, ಒಂದರ ಹಿಂದೆ ಒಂದು) 20 ಫೋಟೊ. ಮೂರನೆಯದು ಪರವಾಗಿಲ್ಲ, ಏಳನೆಯದರಲ್ಲಿ ಕೊಕ್ಕು ನೀರಲ್ಲಿ ಅದ್ದಿದ ಕಡ್ಡಿ ಥರ ಸೊಟ್ಟ, ಹನ್ನೆರಡನೆಯದರಲ್ಲಿ ಕಣ್ಣು ಎರಡು ಇದ್ದ ಹಾಗೆ. ಚೆನ್ನಾಗಿ ಬಂದ 11 ಇದಾವಲ್ಲ, ಅವೆಲ್ಲ ಎರಡನೇ ದಿನ ಏಳು ಗಂಟೆಯೊಳಗೆ ತೆಗೆದವು, ಹಕ್ಕಿ ಹತ್ತು ಮೀಟರಿಗೆ ಬಂದಿತ್ತು.

ನೀರ್ಗೊರವ:
ಸಿಕ್ಕಿತು. ಅದು ಝಳ ಸಾರ್, ಲೆನ್ಸ್ ಅಲ್ಲ. ಕಾದ ಮರಳಿನ ಮೇಲೆ ಬಿಸಿ ಗಾಳಿ ಏಳುತ್ತದೆ, ತಣ್ಣನೆಯ ಗಾಳಿಯ ಜೊತೆ ಕಲಸುತ್ತದೆ, ಅದರೊಳಗೆ ಬೆಳಕು ಅಡ್ಡಾದಿಡ್ಡಿ ಬಾಗುತ್ತದೆ. ಶಟರ್ 1/8000 ಮಾಡಿದರೂ ಹೋಗಲ್ಲ. ಕೈನಡುಕ ತಡೆಯುವ ಸ್ಟೆಬಿಲೈಸರ್, ಟ್ರೈಪಾಡ್, ದುಬಾರಿ ಲೆನ್ಸ್, ಯಾವುದೂ ಗಾಳಿಯನ್ನು ಸರಿ ಮಾಡಲ್ಲ.

ಲೆಕ್ಕ ನೋಡಿ. ಉಲ್ಲಂಕಿ 20 ಸೆಂ.ಮೀ. ಅಂದುಕೊಳ್ಳಿ. 600ರಲ್ಲಿ 80 ಮೀಟರ್ ದೂರಕ್ಕೆ ಸೆನ್ಸರ್ ಮೇಲೆ ಬೀಳುವುದು 1.5 ಮಿ.ಮೀ., ನಿಮ್ಮ ಕ್ಯಾಮೆರಾದಲ್ಲಿ ಸುಮಾರು 380 ಪಿಕ್ಸೆಲ್. 15 ಮೀಟರಿಗೆ ಬಂದರೆ 8 ಮಿ.ಮೀ., 2,000 ಪಿಕ್ಸೆಲ್. ಜೊತೆಗೆ ನಡುವೆ ಇರುವ ಗಾಳಿಯೂ ಕಮ್ಮಿ.

ಉದ್ದಲೆನ್ಸ್:
ಕನ್ವರ್ಟರ್ ಹಾಕಿದರೆ ಹಕ್ಕಿ ದೊಡ್ಡದಾಗುತ್ತದಲ್ಲ?

ನೀರ್ಗೊರವ:
ಝಳವೂ ದೊಡ್ಡದಾಗುತ್ತದೆ.

ಸುಮ್ನೆನೋಡುವೆ:
ಹಾಗಾದರೆ ಟ್ರಿಪ್ಪನ್ನ ಉಬ್ಬರ ನೋಡಿ ಪ್ಲಾನ್ ಮಾಡಿ. ನೀರು ಏರುತ್ತಾ ಬಂದರೆ ಮೇಯುವ ಕೆಸರು ಮುಳುಗುತ್ತದೆ, ಹಕ್ಕಿಗಳು ತಾವೇ ದಡಕ್ಕೆ ಸರಿಯುತ್ತವೆ. ಉಬ್ಬರಕ್ಕೆ ಎರಡು ಗಂಟೆ ಮುಂಚೆ ಹೋಗಿ ಮರಳ ಮೇಲೆ ಮಲಗಿಬಿಡಿ, ಅವು ನಿಮ್ಮ ಕಡೆ ಬರುತ್ತವೆ. ಹಿಂದೆ ಓಡಬೇಡಿ. ಉಬ್ಬರ ತುಂಬಿದಾಗ ಗುಂಪಾಗಿ ಕೂತು ವಿಶ್ರಾಂತಿ ತಗೊಳ್ಳುತ್ತವೆ. ಆಗಂತೂ ಎಬ್ಬಿಸಲೇಬೇಡಿ.

ಕೆಸರುಗಾಲು:
ಈಗ ಪಟ್ಟಿ ನೋಡಿದೆ. ನಾನು ಹೊರಡುವ ದಿನ ಬೆಳಗಿನ ಉಬ್ಬರ 7:40ಕ್ಕೆ.

ಸುಮ್ನೆನೋಡುವೆ:
ದಿನಕ್ಕೆ ಹೆಚ್ಚುಕಮ್ಮಿ 50 ನಿಮಿಷ ತಡವಾಗುತ್ತದೆ. ನಾಲ್ಕನೇ ದಿನ 10:10 ಆಗುತ್ತದೆ. ಅಷ್ಟರಲ್ಲಿ ಮರಳು ಕಾದಿರುತ್ತದೆ. ಎರಡು ದಿನ ಮುಂಚೆ ಹೊರಡಿ. 6, 6:50, 7:40, 8:30. ಮೊದಲ ದಿನ ಉಬ್ಬರ ತೀರಾ ಬೇಗ, ಅವತ್ತು ನೀರು ಇಳಿಯಲು ಶುರುವಾದಾಗ ನೋಡಿ.

ಕೆಸರುಗಾಲು:
ರೂಮಿನವರು ದಿನ ಬದಲಾಯಿಸಿ ಕೊಡುತ್ತಾರಂತೆ. ಇನ್ನೊಂದು ಕೇಳಬೇಕಿತ್ತು. ಮೊದಲ ದಿನ ಬೆಳಿಗ್ಗೆ ಲೆನ್ಸ್ ಪೂರ್ತಿ ಮಂಜು ಹಿಡಿದು ಬೆಳ್ಳಗಾಗಿತ್ತು. ಟೀ ಶರ್ಟಿನಿಂದ ಒರೆಸಿದೆ, ಮತ್ತೆ ಹಿಡಿಯಿತು. ಅದಕ್ಕೂ ಬೇಸರವಾಗಿ ಅವತ್ತು ಹತ್ತು ಗಂಟೆಗೆ ಶುರು ಮಾಡಿದ್ದು.

ಗರಿಗಳ್ಳ:
ಅಯ್ಯೋ, ಇದನ್ನ ಮೊದಲೇ ಹೇಳಬಾರದಾ! ರಾತ್ರಿಯೆಲ್ಲ ಎಸಿ ರೂಮಿನಲ್ಲಿ ಇಟ್ಟಿರುತ್ತೀರಿ. ತಣ್ಣಗಾದ ಗಾಜಿಗೆ ಹೊರಗಿನ ತೇವ ಕೂರುತ್ತದೆ. ಬ್ಯಾಗಿನ ಜಿಪ್ ಹಾಕಿ ಹೊರಗಿಡಿ, ಮುಕ್ಕಾಲು ಗಂಟೆ ತೆಗೆಯಬೇಡಿ. ಇಲ್ಲವಾದರೆ ಎಸಿ ಇಲ್ಲದ ಕಡೆ ಇಟ್ಟು ಮಲಗಿ. ಟೀ ಶರ್ಟ್ ಮಾತ್ರ ಬೇಡ, ಉಪ್ಪಿನ ಹರಳಿದ್ದರೆ ಗೀರು ಬೀಳುತ್ತದೆ. ಮೊದಲು ಬ್ಲೋವರಿನಿಂದ ಗಾಳಿ ಊದಿ, ಆಮೇಲೆ ಲೆನ್ಸ್ ಬಟ್ಟೆ.

ಉದ್ದಲೆನ್ಸ್:
ಎಲ್ಲಾ ಸರಿ. ಹೋಗುವ ಮುಂಚೆ ಒಂದು ಸಲ ಫೈನ್ ಟ್ಯೂನ್ ನೋಡಿಬಿಡಿ.

ಕೆಸರುಗಾಲು:
ನನ್ನ ಮೆನುವಿನಲ್ಲಿ ಆ ಆಯ್ಕೆಯೇ ಇಲ್ಲ ಸಾರ್.

ಹೊಸಹಕ್ಕಿ:
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಮರಳಲ್ಲಿ ಮಲಗಿ ಫೋಟೊ ತೆಗೆದ ಮೇಲೆ ನನ್ನ ಜೂಮ್ ರಿಂಗ್ ತಿರುಗಿಸಿದರೆ ಕರಕರ ಅನ್ನುತ್ತಿದೆ. ನಾನೇ ಬಿಚ್ಚಬಹುದಾ?