ನಮ್ಮಂಥ ಸಣ್ಣ ಕಂಪನಿಯ ಸಾಮಾಜಿಕ ಜವಾಬ್ದಾರಿ ಅಂದರೆ ಬರೀ ಬ್ಯಾಗ್ ಹಂಚೋದಾ?

ಬೆಲ್ಲದಚ್ಚು (ಮಂಡ್ಯ):
ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ತಿರ ನಮ್ಮದೊಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ. ಸುತ್ತಮುತ್ತಲ ಆಲೆಮನೆಗಳಿಂದ ಬೆಲ್ಲ ತಗೊಂಡು ಪುಡಿ ಮಾಡಿ, ಪ್ಯಾಕೆಟ್ ಕಟ್ಟಿ ಬೆಂಗಳೂರಿಗೆ ಕಳಿಸುತ್ತೇವೆ. 14 ಜನ ಕೆಲಸಕ್ಕಿದ್ದಾರೆ, ಅದರಲ್ಲಿ 11 ಹೆಂಗಸರು.

ಹೋದ ತಿಂಗಳು ನಮ್ಮ ದೊಡ್ಡ ಗಿರಾಕಿ ಕಂಪನಿ ಒಂದು ಫಾರಂ ಕಳಿಸಿತು. ನಿಮ್ಮ ಸಾಮಾಜಿಕ ಜವಾಬ್ದಾರಿ ಏನು, ಅದು ನಿಮ್ಮ ವ್ಯಾಪಾರದ ಲೆಕ್ಕಾಚಾರದ ಜೊತೆ ಹೇಗೆ ಸೇರಿದೆ, ಬರೆಯಿರಿ ಅಂತ. ಪೆನ್ನು ಹಿಡಿದು ಕೂತೆ, ಏನೂ ಹೊಳೆಯಲಿಲ್ಲ. ಎರಡು ವರ್ಷದಿಂದ ಊರಿನ ಶಾಲೆಗೆ ಬ್ಯಾಗ್ ಕೊಡುತ್ತಿದ್ದೇವೆ, ಗಣೇಶನ ಹಬ್ಬಕ್ಕೆ ಪೆಂಡಾಲ್ ಖರ್ಚು, ಅಷ್ಟೇ. ಈ ಸಲ ಬ್ಯಾಗ್ ಕೊಡುವಾಗ ಒಬ್ಬ ಹುಡುಗ, "ಅಂಕಲ್, ಇದರ ಜಿಪ್ಪು ಈಗಲೇ ಕಿತ್ತುಹೋಗಿದೆ" ಅಂದ. ಫೋಟೊ ತೆಗೆಯುವವನು ಬ್ಯಾಗನ್ನು ಆ ಕಡೆ ತಿರುಗಿಸಿ, ನಮ್ಮ ಹೆಸರು ಮುಂದೆ ಕಾಣುವ ಹಾಗೆ ಹಿಡಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಒಂಥರಾ ಇರಿಸುಮುರಿಸಾಯಿತು.

ಲಾಭದಲ್ಲಿ 2% ಖರ್ಚು ಮಾಡಲೇಬೇಕು ಅಂತ ಯಾರೋ ಹೆದರಿಸಿದ್ದಾರೆ, ಅದು ನಮಗೂ ಇದೆಯಾ? ವ್ಯಾಪಾರಾನೂ ನಡೆದು ಜನಕ್ಕೂ ಉಪಯೋಗ ಆಗೋ ಹಾಗೆ ಏನು ಮಾಡಬಹುದು? ಸುಮ್ನೆ ಒಳ್ಳೇ ಮಾತು ಬೇಡ, ಮಾಡಿ ನೋಡಿದವರು ಹೇಳಿ.

ಲೆಕ್ಕದಪುಸ್ತಕ (ಮೈಸೂರು):
ಹೆದರಬೇಡಿ ಸರ್. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಅದು, 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಿಂದಿನ ವರ್ಷ ನಿವ್ವಳ ಲಾಭ 5 ಕೋಟಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಆಸ್ತಿ 500 ಕೋಟಿ, ಈ ಮೂರರಲ್ಲಿ ಒಂದು ಮುಟ್ಟಿದ್ದರೆ ಮಾತ್ರ ಅನ್ವಯ. ಮುಟ್ಟಿದವರು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಖರ್ಚು ಮಾಡಬೇಕು. ನೀವು ಹೇಳಿದ್ದು ನೋಡಿದರೆ ನಿಮ್ಮದು ಅಲ್ಲಿಗೆ ತಲುಪಿರಲಿಕ್ಕಿಲ್ಲ.

ಮತ್ತೆ ಫಾರಂ ಯಾಕೆ ಬಂತು ಅಂದರೆ, ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ 1000 ಕಂಪನಿಗಳು 2022-23ರಿಂದ, ಷೇರುಪೇಟೆ ನೋಡಿಕೊಳ್ಳುವ ಸೆಬಿಯ ನಿಯಮದಂತೆ, ಬಿಆರ್‌ಎಸ್‌ಆರ್ ಅನ್ನುವ ವರದಿ ಕೊಡಲೇಬೇಕು, ಸಮಾಜ ಮತ್ತು ಪರಿಸರದ ವಿಷಯದಲ್ಲಿ ಕಂಪನಿ ಹೇಗೆ ನಡೆದುಕೊಳ್ಳುತ್ತದೆ ಅಂತ ಹೇಳುವ ವರದಿ ಅದು. ಅದಕ್ಕೇ ಈಗ ಅಂಥವರು ತಮಗೆ ಮಾಲು ಕೊಡುವವರನ್ನೂ ಕೇಳಲು ಶುರು ಮಾಡಿದ್ದಾರೆ.

ಒಂದು ತಮಾಷೆ ನೋಡಿ. ಕಾನೂನಿನ 2% ಲೆಕ್ಕಕ್ಕೆ ನಿಮ್ಮ ಮಾಮೂಲಿ ವ್ಯಾಪಾರದ ಕೆಲಸ ಬರುವುದಿಲ್ಲ, ನಿಮ್ಮ ಕೆಲಸಗಾರರಿಗೆ ಮಾತ್ರ ಅಂತ ಮಾಡಿದ್ದೂ ಬರುವುದಿಲ್ಲ. ಹಾಗಾಗಿ ದೊಡ್ಡ ಕಂಪನಿಗಳಲ್ಲಿ ಅದು ಬೇರೆ ರೂಮು, ಬೇರೆ ಫೈಲು ಆಗಿಬಿಡುತ್ತದೆ. ಖರೀದಿ ಮಾಡುವವನಿಗೂ ಆ ಫೈಲಿಗೂ ಮಾತೇ ಇರಲ್ಲ. ನಿಮಗೆ ಆ ಕಟ್ಟು ಇಲ್ಲ, ಖರೀದಿಯಿಂದಲೇ ಶುರು ಮಾಡಬಹುದು.

ಕೊಪ್ಪರಿಗೆ:
ನಾನು ಆಲೆಮನೆಯವನ ಮಗ, ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಅಣ್ಣ. ಬೆಲ್ಲದ ಬಣ್ಣ ತೀರ್ಮಾನ ಮಾಡುವವರು ನಾವಲ್ಲ, ಕೊಳ್ಳುವ ನೀವು. ಅಪ್ಪ ಸುಣ್ಣ, ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆದು ಮಾಡಿದ ಕಂದು ಬೆಲ್ಲ ತಗೊಂಡು ಹೋದರೆ, ವ್ಯಾಪಾರಿ ಒಂದು ಚೂರು ಮುರಿದು ನೋಡಿ, ಬಾಯಿಗೂ ಹಾಕಿಕೊಳ್ಳದೆ, "ಕಪ್ಪಾಯ್ತು" ಅಂತ ರೇಟು ಇಳಿಸುತ್ತಿದ್ದ. ಮುಂದಿನ ವಾರ ಪಾಕಕ್ಕೆ ಹೈಡ್ರೋಸ್ ಅನ್ನೋ ಬಣ್ಣ ತಿಳಿ ಮಾಡುವ ರಾಸಾಯನಿಕ ಬಿತ್ತು, ಬೆಲ್ಲ ಹಳದಿಯಾಯಿತು, ರೇಟೂ ಸಿಕ್ಕಿತು. ಆ ಬಣ್ಣ ನಿಲ್ಲಲ್ಲ, ಇಟ್ಟಂಗೆ ಇಟ್ಟಂಗೆ ಮತ್ತೆ ಕಪ್ಪಾಗುತ್ತೆ, ಅದು ಬೇರೆ ಮಾತು.

ಎರಡನೇದು ದುಡ್ಡು. ಸಕ್ಕರೆ ಕಾರ್ಖಾನೆ ಕಬ್ಬಿನ ಹಣ 14 ದಿನದಲ್ಲಿ ಕೊಡಬೇಕು ಅಂತ 1966ರ ಆದೇಶವೇ ಇದೆ (ಕೊಡ್ತಾರಾ ಅಂತ ಕೇಳಬೇಡಿ). ನಮ್ಮ ಬೆಲ್ಲಕ್ಕೆ ಅಂಥ ಗಡುವು ಯಾರೂ ಇಟ್ಟುಕೊಳ್ಳಲ್ಲ. "ಸೋಮವಾರ ಬಾ" ಅಂದರೆ ಯಾವ ಸೋಮವಾರ ಅಂತ ಕೇಳೋ ಹಾಗಿಲ್ಲ. ಅಲ್ಲಿತನಕ ಆಳುಗಳಿಗೆ ಕೂಲಿ ಎಲ್ಲಿಂದ ಬರಬೇಕು? ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಮಳೆಗಾಲ ಬಂದರೆ ಒಲೆಗೆ ಹಾಕೋ ರಚ್ಚು (ಹಿಂಡಿದ ಕಬ್ಬಿನ ಸಿಪ್ಪೆ) ನೆನೆದು ಒಲೆ ಹತ್ತಲ್ಲ, ಆಗ ಹಳೇ ಟೈರು ಒಲೆಗೆ ಹೋಗುತ್ತೆ. ಅಮ್ಮ ಒಣಗಿ ಹಾಕಿದ ಬಿಳಿ ಪಂಚೆಯ ಮೇಲೆ ಎಣ್ಣೆಯಂಥ ಕರಿ ಚುಕ್ಕಿ, ಸೋಪಿಗೂ ಹೋಗುತ್ತಿರಲಿಲ್ಲ. ಆ ಹೊಗೆ ಕುಡಿಯೋ ಮಕ್ಕಳೇ ಅಣ್ಣ ನೀವು ಬ್ಯಾಗ್ ಕೊಡೋದು.

ಹಾಗಾಗಿ ಕಂದು ಬೆಲ್ಲಕ್ಕೆ ರೇಟು ಇಳಿಸಬೇಡಿ, ವಾರದೊಳಗೆ ದುಡ್ಡು ಕೊಡಿ, ನಾಲ್ಕು ಆಲೆಮನೆಗೆ ರಚ್ಚು ನೆನೆಯದ ಹಾಗೆ ಶೀಟಿನ ಶೆಡ್ ಹಾಕಿಸೋಕೆ ಮುಂಗಡ ಕೊಟ್ಟು ಬೆಲ್ಲದಲ್ಲಿ ಮುರಿದುಕೊಳ್ಳಿ. ನಿಮಗೆ ಹೈಡ್ರೋಸ್ ಇಲ್ಲದ ಮಾಲು ಗ್ಯಾರಂಟಿ ಸಿಗುತ್ತೆ. ಬೆಂಗಳೂರಿನವರು ಅದಕ್ಕೇ ಅಲ್ವಾ ಜಾಸ್ತಿ ಕೊಡೋದು? ನಮ್ಮೂರಿಗೆ ಇದೇನು ಹೊಸದಲ್ಲ. ನಾಲೆಯಲ್ಲಿ ನೀರು ಬಂತು, ಕಬ್ಬು ಬಂತು, ಅದನ್ನು ಕೊಳ್ಳೋಕೆ ಅಂತಲೇ 1933ರಲ್ಲಿ ಮೈಷುಗರ್ ಸಕ್ಕರೆ ಕಂಪನಿ ಬಂತು. ರೈತನಿಗೂ ಕಾರ್ಖಾನೆಗೂ ಒಬ್ಬರಿಗೊಬ್ಬರು ಬೇಕಿತ್ತು, ಯಾರೂ ಅದನ್ನ ದಾನ ಅಂತ ಕರೆಯಲಿಲ್ಲ.

ಸಂತೆಚೀಲ:
ಹೇಳೋಕೆ ಚೆಂದ. ವಾರಕ್ಕೆ ದುಡ್ಡು ಕೊಟ್ಟರೆ, ಗಿರಾಕಿ ಎರಡು ತಿಂಗಳಾದ ಮೇಲೆ ಕೊಡುತ್ತಾನಲ್ಲ, ನಡುವಿನ ಬಡ್ಡಿ ಯಾರಪ್ಪನ ಮನೆಯಿಂದ? ಪಕ್ಕದವನು ಹಳದಿ ಬೆಲ್ಲ ಕೆಜಿಗೆ ಮೂರು ರೂಪಾಯಿ ಕಡಿಮೆಗೆ ಮಾರುತ್ತಾನೆ, ಅಂಗಡಿಯವನು ಅದನ್ನೇ ಎತ್ತಿಕೊಳ್ಳುತ್ತಾನೆ.

ಬೆಲ್ಲದಚ್ಚು (ಮಂಡ್ಯ):
ಕೊಪ್ಪರಿಗೆ ಅವರೇ, ಆ ವ್ಯಾಪಾರಿ ನಾನೇ ಏನೋ ಅನ್ನಿಸಿಬಿಟ್ಟಿತು. ರಾತ್ರಿ ಕೂತು ಲೆಕ್ಕ ಹಾಕಿದೆ. ತಿಂಗಳಿಗೆ 30 ಟನ್, ಕೆಜಿಗೆ 50 ರೂಪಾಯಿ ಅಂದರೆ 15 ಲಕ್ಷದ ಖರೀದಿ. ಈಗ 45 ದಿನಕ್ಕೆ ಕೊಡುವುದನ್ನು 7 ದಿನಕ್ಕೆ ತಂದರೆ 38 ದಿನದ ದುಡ್ಡು, 19 ಲಕ್ಷ, ನಾನು ಹೊಂದಿಸಬೇಕು. ಬ್ಯಾಂಕ್ ಬಡ್ಡಿ 11%, ವರ್ಷಕ್ಕೆ 2 ಲಕ್ಷ 9 ಸಾವಿರ. ಕೆಜಿಗೆ 58 ಪೈಸೆ. ಬ್ಯಾಗು, ಪೆಂಡಾಲು, ಫೋಟೊ ಸೇರಿ ಹೋದ ವರ್ಷ 1 ಲಕ್ಷ 10 ಸಾವಿರ ಖರ್ಚಾಗಿದೆ. ಅದನ್ನು ಈ ಕಡೆ ತಿರುಗಿಸಿದರೆ ಅರ್ಧ ಅಲ್ಲೇ ಬಂತು. ಸಂತೆಚೀಲ ಅವರ ಮೂರು ರೂಪಾಯಿ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಮೊದಲು ಆರು ಆಲೆಮನೆಗೆ ಮಾತ್ರ ಮಾಡಿ, ಆ ಮಾಲನ್ನು ಫಾರಂ ಕಳಿಸಿದ ಗಿರಾಕಿಗೇ ಬೇರೆ ರೇಟಿಗೆ ಕೇಳಿ ನೋಡುತ್ತೇನೆ. ಒಪ್ಪದಿದ್ದರೆ ಫಾರಂ ಯಾಕೆ ಕಳಿಸಿದಿರಿ ಅಂತಾದರೂ ಕೇಳಬಹುದಲ್ಲ.

ಸಂಜೆಪಾಳಿ (ಮೈಸೂರು):
ಆಲೆಮನೆ ಆಯಿತು, ನಿಮ್ಮ 11 ಜನ ಹೆಂಗಸರ ಬಗ್ಗೆ ಯಾರೂ ಕೇಳಲಿಲ್ಲವಲ್ಲ. ನಾನು ಮೈಸೂರಿನ ಒಂದು ಫ್ಯಾಕ್ಟರಿಯಲ್ಲಿ ಸಿಬ್ಬಂದಿ ವಿಭಾಗದಲ್ಲಿದ್ದವಳು. ನಮ್ಮವರು ಪಕ್ಕದ ಹಳ್ಳಿಗೆ ಕುಡಿಯುವ ನೀರಿನ ಘಟಕ ಹಾಕಿಸಿ ಟೇಪು ಕತ್ತರಿಸಿದ ದಿನ, ಪ್ಯಾಕಿಂಗ್‌ನಲ್ಲಿ ಒಬ್ಬಳು ತಲೆಸುತ್ತಿ ಬಿದ್ದಳು. ವಿಚಾರಿಸಿದರೆ ಬೆಳಗ್ಗೆಯಿಂದ ನೀರೇ ಕುಡಿದಿಲ್ಲ. ಯಾಕಮ್ಮಾ ಅಂದರೆ ತುಂಬಾ ಹೊತ್ತು ಸುಮ್ಮನಿದ್ದು, ಟಾಯ್ಲೆಟ್ಟಿಗೆ ಚಿಲಕ ಇಲ್ಲ ಮೇಡಂ ಅಂದಳು. ಇಬ್ಬಿಬ್ಬರು ಜೊತೆಯಾಗಿ ಹೋಗಬೇಕು, ಒಬ್ಬಳು ಬಾಗಿಲು ಹಿಡಿದುಕೊಳ್ಳಬೇಕು, ಇಬ್ಬರು ಎದ್ದರೆ ಸೂಪರ್‌ವೈಸರ್ ಬೈಯುತ್ತಾನೆ, ಅದಕ್ಕೆ ನೀರೇ ಕುಡಿಯಲ್ಲ. ಎಷ್ಟು ರೂಪಾಯಿ ರೀ ಒಂದು ಚಿಲಕಕ್ಕೆ? ಚಿಲಕ ಹಾಕಿಸಿ, ಮಕ್ಕಳ ಸ್ಕೂಲು ಬಿಡುವ ಹೊತ್ತಿಗೆ ಸರಿಯಾಗಿ ಪಾಳಿ ಬದಲಾಯಿಸಿದ ಮೇಲೆ ಕೆಲಸ ಬಿಟ್ಟು ಹೋಗುವವರು ಎಷ್ಟೋ ಕಡಿಮೆಯಾದರು. ನೀವೂ ಕೇಳಿ ನೋಡಿ. ನೀವೇ ಕೇಳಿದರೆ ಹೇಳಲ್ಲ, ಅವರಲ್ಲೇ ಹಿರಿಯರೊಬ್ಬರ ಕೈಲಿ ಕೇಳಿಸಿ.

ಬೆಲ್ಲದಚ್ಚು (ಮಂಡ್ಯ):
ಮೇಡಂ, ಇದನ್ನು ಓದಿ ಈಗಷ್ಟೇ ಶೆಡ್ಡಿನ ಹಿಂದೆ ಹೋಗಿ ನೋಡಿ ಬಂದೆ. ಚಿಲಕ ಇದೆ. ಬಲ್ಬ್ ಇಲ್ಲ.