ಪರರ ಉದ್ದೇಶವನ್ನು ನಮ್ಮ ಮನಸ್ಸಿನಿಂದ ಅಳೆಯುತ್ತೇವೆಯೇ?

ಪ್ರಶ್ನೆ:
ಹಳೇ ದಾವಣಗೆರೆಯ ನಮ್ಮ ಬೀದಿಯಲ್ಲಿ ಹಿರಿಯರೊಬ್ಬರು ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟಾಗ, ಅದು ಮಹಾನಗರ ಪಾಲಿಕೆ ಚುನಾವಣೆಯ ಸಿದ್ಧತೆಯೆಂದು ನಾನು ನಾಲ್ಕು ಜನರೆದುರು ಹೇಳಿಬಿಟ್ಟೆ. ಅವರು ಚುನಾವಣೆಗೂ ನಿಲ್ಲಲಿಲ್ಲ, ಅರವಟ್ಟಿಗೆಯನ್ನೂ ನಿಲ್ಲಿಸಲಿಲ್ಲ. ನಾನು ಹೀಗೇಕೆ ಯೋಚಿಸಿದೆ?

ಉತ್ತರ 1:
1977ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮನೋವಿಜ್ಞಾನಿ ಲೀ ರಾಸ್ ಮತ್ತು ಸಹೋದ್ಯೋಗಿಗಳು, ದೊಡ್ಡ ಫಲಕವೊಂದನ್ನು ತೊಟ್ಟು ಆವರಣದಲ್ಲಿ ಸುತ್ತಾಡುವಿರಾ ಎಂದು ವಿದ್ಯಾರ್ಥಿಗಳನ್ನು ಕೇಳಿದರು. ಒಪ್ಪಿದವರು ಹೆಚ್ಚಿನವರೂ ಒಪ್ಪುತ್ತಾರೆಂದು, ನಿರಾಕರಿಸಿದವರು ಹೆಚ್ಚಿನವರೂ ನಿರಾಕರಿಸುತ್ತಾರೆಂದು ಅಂದಾಜಿಸಿದರು. ಅನ್ಯರ ಮನಸ್ಸು ಕಾಣದಿರುವಾಗ ನಮಗೆ ಸುಲಭವಾಗಿ ಸಿಗುವ ಮಾದರಿ ನಮ್ಮದೇ ಮನಸ್ಸು.

ಉತ್ತರ 2:
ಎಲ್ಲ ಅನುಮಾನವೂ ಹಾಗಲ್ಲ. ಅವರ ಹಿಂದಿನ ನಡವಳಿಕೆಯಲ್ಲಿ ನಿಮಗೆ ಆಧಾರವೇನಾದರೂ ಕಂಡಿತ್ತೇ?

ಪ್ರಶ್ನೆ ಕೇಳಿದವರು:
ಇರಲಿಲ್ಲ. ಆ ವರ್ಷ ಚುನಾವಣೆಗೆ ನಿಲ್ಲಬೇಕೆಂದು ಆಸೆಪಟ್ಟಿದ್ದವನು ನಾನೇ. ನಾಳೆ ಅವರ ಮನೆಗೆ ಹೋಗಿ ಕ್ಷಮೆ ಕೇಳುತ್ತೇನೆ.